ಗೇಟಿನಲ್ಲಿ ನಿಂತು ಕೂಗಿ ನೋಡಿ: ಹೆಣ್ಣು ನಾಯಿಗೆ ಅಪರೂಪದ ಹೆಸರು ಹುಡುಕುವ ಬಗೆ

ಅವಳು ನಮ್ಮ ಮನೆಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಬಾಲ. ಬೆನ್ನಿನ ಮೇಲೆ ಒಂದು ಸುತ್ತು ಸುತ್ತಿಕೊಂಡು, ತುದಿ ಮಾತ್ರ ಹೊರಗೆ ಚಾಚಿಕೊಂಡಿತ್ತು. ಮಗ ಆಗ ಒಂದನೇ ಕ್ಲಾಸು, ಕಾಗುಣಿತ ತಿದ್ದುವ ಕಾಲ. ಬಾಲ ನೋಡಿದ್ದೇ "ಅಮ್ಮಾ, ವಟ್ರಸುಳಿ!" ಅಂದ. 'ಕೃ' ಬರೆಯುವಾಗ ಕೆಳಗೆ ಸುತ್ತುತ್ತೇವಲ್ಲ, ಅದೇ. ನನಗೆ ಖುಷಿಯೋ ಖುಷಿ. ಬೇರೆ ಯಾವ ನಾಯಿಗೂ ಈ ಹೆಸರು ಇರಲಿಕ್ಕಿಲ್ಲ ಅಂದುಕೊಂಡೆ. ಪೂರ್ತಿ ಹೆಸರು ವಟ್ರಸುಳಿ, ಕರೆಯೋಕೆ ಸುಳಿ.

ಎರಡನೇ ದಿನ ರಾತ್ರಿ ಗೇಟು ಹಾಕೋದು ಮರೆತಿದ್ದೆವು. ಓಡಿಬಿಟ್ಟಳು. ನಾನು ರಸ್ತೆ ಮಧ್ಯೆ ನಿಂತು, ಎದೆ ತುಂಬ ಉಸಿರೆಳೆದು, "ಸುಳೀ... ಏ ಸುಳೀ..." ಅಂತ ಕೂಗಿದೆ. ಎರಡು ಮನೆಯ ದೀಪ ಹತ್ತಿಕೊಂಡವು. ಎದುರು ಮನೆಯ ಅಜ್ಜಿ ಕಿಟಕಿಯಲ್ಲಿ ತಲೆ ಹಾಕಿ ಕೇಳಿದರು: "ಯಾಕಮ್ಮಾ, ಇಷ್ಟು ಹೊತ್ತಲ್ಲಿ ಯಾರಿಗೆ ಈ ಪಾಟಿ ಬೈತಿದ್ದೀಯ?"

ಆಗ ಹೊಳೆಯಿತು. ಕಾಗದದ ಮೇಲೆ ಸುಳಿ ಸುಳಿಯೇ. ದೂರದಿಂದ, ಗಾಳಿಯಲ್ಲಿ, ಎಳೆದು ಕೂಗಿದರೆ ಅದು ಇನ್ನೊಂದು ಮಾತು. ಯಾವ ಹೆಣ್ಣಿಗೂ ಅನ್ನಬಾರದ ಮಾತು. ಮರುದಿನ ಬೆಳಗ್ಗೆಯೇ ಹೆಸರಿನ ಹಿಂಭಾಗ ಬಿಟ್ಟು ಮುಂಭಾಗ ಇಟ್ಟುಕೊಂಡೆವು. ಅವಳು ವಟ್ರು ಆದಳು. ಈಗ ಅವಳಿಗೆ 11 ವರ್ಷ, ಮೂತಿ ಬೆಳ್ಳಗಾಗಿದೆ, ಬಾಲದ ಸುತ್ತು ಹಾಗೇ ಇದೆ.

ಅದಾದ ಮೇಲೆ 17 ಹೆಣ್ಣು ನಾಯಿಗಳಿಗೆ ಹೆಸರಿಟ್ಟಿದ್ದೇನೆ. ಯಾರೋ ಬಿಟ್ಟು ಹೋದವು, ಪೆಟ್ಟಾಗಿ ಬಿದ್ದಿದ್ದವು. ಕೆಲವು ವಾರ ಇಟ್ಟುಕೊಂಡು, ಹುಷಾರು ಮಾಡಿ, ಒಳ್ಳೆಯ ಮನೆ ನೋಡಿ ಕಳಿಸುತ್ತೇನೆ. ಹೆಸರಿಲ್ಲದೆ ಇಟ್ಟುಕೊಳ್ಳೋಕೆ ಆಗಲ್ಲ. ಎಲ್ಲರಿಗೂ ಇರುವ ಹೆಸರಿಡೋಕೆ ನನಗೆ ಮನಸ್ಸಿಲ್ಲ. ಒಮ್ಮೆ ಡಾಕ್ಟರ ಹತ್ತಿರ ಕಾಯುತ್ತಿದ್ದಾಗ ಒಳಗಿನಿಂದ "ರಾಣಿ" ಅಂತ ಕರೆದರು. ಮೂರು ಜನ ಎದ್ದು ನಿಂತರು.

ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ. ಹೆಸರು ನಾಯಿಯ ಕಿವಿಗೆ ಕಷ್ಟ ಆಗೋದಿಲ್ಲ, ನಮ್ಮ ಬಾಯಿಗೆ ಆಗುತ್ತೆ. ಅಮೆರಿಕದಲ್ಲಿ ಚೇಸರ್ ಅಂತ ಬಾರ್ಡರ್ ಕೋಲಿ ಜಾತಿಯ ಒಂದು ಹೆಣ್ಣು ನಾಯಿ ಇತ್ತು. ಜಾನ್ ಪಿಲ್ಲಿ ಎಂಬ ನಿವೃತ್ತ ಪ್ರಾಧ್ಯಾಪಕರು ಅವಳಿಗೆ 1,022 ಆಟಿಕೆಗಳ ಹೆಸರು ಕಲಿಸಿದ್ದರು. ಒಂದೊಂದಕ್ಕೂ ಬೇರೆ ಹೆಸರು. ಹೇಳಿದ್ದನ್ನೇ ಆರಿಸಿ ತರುತ್ತಿದ್ದಳು. ಎಲ್ಲ ನಾಯಿಯೂ ಚೇಸರ್ ಅಲ್ಲ, ನಿಜ. ಆದರೆ ತನ್ನದೊಂದು ಹೆಸರು ಕಲಿಯೋದು ಯಾವ ನಾಯಿಗೂ ದೊಡ್ಡ ವಿಷಯವಲ್ಲ. ಆ ಹೆಸರನ್ನು ದಿನಕ್ಕೆ ನೂರು ಸಲ, ಸಿಟ್ಟಲ್ಲಿ, ನಿದ್ದೆಗಣ್ಣಲ್ಲಿ, ಮಳೆಯಲ್ಲಿ ನೆನೆಯುತ್ತಾ ಕೂಗಬೇಕಾದವರು ನಾವು.

ಹಾಗಾಗಿ ಯಾವ ಹೆಸರು ಹೊಳೆದರೂ ಮೊದಲು ಗೇಟಿಗೆ ಹೋಗಿ. ನಾಚಿಕೆ ಬಿಟ್ಟು ಜೋರಾಗಿ ಐದು ಸಲ ಕೂಗಿ. ನಮ್ಮ ಭಾಷೆಯಲ್ಲಿ ಯಾರನ್ನೇ ಕರೆದರೂ ಕೊನೆಯ ಸ್ವರ ಎಳೆಯುತ್ತೇವೆ, ಅಲ್ವಾ? ಗುಂಜಿ ಗುಂಜೀ ಆಗುತ್ತಾಳೆ, ಮಿಣುಕು ಮಿಣುಕೂ, ಸೋನೆ ಸೋನೇ. ನೀವು ನಿಜವಾಗಿ ಇಡುತ್ತಿರುವ ಹೆಸರು ಆ ಎಳೆದ ರೂಪ. ಅದು ಚೆನ್ನಾಗಿ ಕೇಳಿಸಬೇಕು. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಹೆಸರಿಟ್ಟರೂ ನಮ್ಮ ಬಾಯಿ ಬಿಡುವುದಿಲ್ಲ, ಬಾಲ ಅಂಟಿಸಿಯೇ ಅಂಟಿಸುತ್ತೆ. ನನ್ನ ತಮ್ಮ ಭಾರಿ ಆಸೆಯಿಂದ ತನ್ನ ನಾಯಿಗೆ ಪಿಕ್ಸೆಲ್ ಅಂತ ಇಟ್ಟ. ಮನೆಯಲ್ಲಿ ಎಲ್ಲರಿಗೂ ಅವಳು "ಪಿಕ್ಸೆಲ್ಲೂ".

ಉದ್ದದ ವಿಷಯಕ್ಕೆ ಬಂದರೆ ಎರಡು ಅಕ್ಷರ ಸುಖ, ಮೂರಾದರೂ ಪರವಾಗಿಲ್ಲ. ಇದು ಇವತ್ತಿನ ಬುದ್ಧಿವಾದ ಅಲ್ಲ. ಸುಮಾರು 2,400 ವರ್ಷದ ಹಿಂದೆ ಗ್ರೀಸಿನ ಜೆನೊಫೋನ್ ಬೇಟೆ ನಾಯಿಗಳ ಬಗ್ಗೆ ಬರೆಯುವಾಗಲೇ, ಕರೆಯೋಕೆ ಸುಲಭ ಆಗುವಂತೆ ಹೆಸರು ಚಿಕ್ಕದಿರಲಿ ಅಂತ ಹೇಳಿ 47 ಹೆಸರುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಉದ್ದ ಹೆಸರು ಇಷ್ಟವಾದರೆ ಇಡಿ, ಆದರೆ ಅದರೊಳಗೆ ಒಂದು ಚಿಕ್ಕ ಹೆಸರು ಅಡಗಿರಬೇಕು. ಗುಲಗಂಜಿಯೊಳಗೆ ಗುಂಜಿ ಇದ್ದ ಹಾಗೆ. ನೀವು ಕತ್ತರಿಸದಿದ್ದರೆ ಮನೆಯವರು ಕತ್ತರಿಸುತ್ತಾರೆ, ಅದು ನಿಮಗೆ ಇಷ್ಟವಾಗದೇ ಹೋಗಬಹುದು. ಜಾತಿ ನಾಯಿಗಳಿಗೆ ಕಾಗದದಲ್ಲಿ ಒಂದು ಮಾರುದ್ದದ ಹೆಸರು, ಮನೆಯಲ್ಲಿ ಕರೆಯೋಕೆ ಒಂದು ಚಿಕ್ಕ ಹೆಸರು ಇರುವುದೂ ಇದೇ ಕಾರಣಕ್ಕೆ.

ಇನ್ನು ಸದ್ದು. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ (ಸದ್ದು ಎಷ್ಟು ಕೀರಲು ಅನ್ನೋದರ ಅಳತೆ ಇದು) ನಿಂತರೆ ನಾಯಿಯದು ಸುಮಾರು 45,000ದವರೆಗೂ ಹೋಗುತ್ತೆ. ಅದಕ್ಕೇ ಪಿಸುಮಾತಿಗೂ ಕಿವಿ ನೆಟ್ಟಗಾಗೋದು ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ, ಅದು ಸಣ್ಣ ಸದ್ದಿನ ಲೆಕ್ಕವಲ್ಲ, ಕೀರಲು ಸದ್ದಿನ ಲೆಕ್ಕ. ನಮಗೆ ಕೆಲಸಕ್ಕೆ ಬರೋದು ಬೇರೆ ವಿಷಯ. ಚಿಕ್ಕ ಚಿಕ್ಕದಾಗಿ, ಮತ್ತೆ ಮತ್ತೆ ಬರುವ ಸದ್ದಿಗೆ ನಾಯಿ ಚುರುಕಾಗುತ್ತೆ. ಉದ್ದಕ್ಕೆ, ಒಂದೇ ಸಮ ಎಳೆದ ಸದ್ದಿಗೆ ತಣ್ಣಗಾಗುತ್ತೆ. ಕುದುರೆ ಓಡಿಸುವಾಗ "ಚ್ ಚ್ ಚ್" ಅನ್ನೋದಕ್ಕೂ, ಮಗು ಮಲಗಿಸುವಾಗ "ಜೋ..." ಅನ್ನೋದಕ್ಕೂ ಇರುವ ವ್ಯತ್ಯಾಸವೇ ಇದು. ಹಾಗಾಗಿ ಕ, ಗ, ಟ, ಚ, ಪ ತರಹದ ಕಡಕ್ ಅಕ್ಷರ ಎಲ್ಲೋ ಒಂದು ಕಡೆ ಇದ್ದರೆ ನನಗೆ ಇಷ್ಟ. ಮಿಣುಕು ಅನ್ನುವಾಗ ಆ ಕೊನೆಯ 'ಕು' ಟಕ್ ಅಂತ ಹೋಗಿ ಬಡಿಯುತ್ತೆ. ಲೀಲಾ, ಮಾಯಾ ಥರದ್ದು ಗಾಳಿಯಲ್ಲಿ ಕರಗಿಬಿಡುತ್ತೆ.

ಈಗ ದಿನಬಳಕೆಯ ಮಾತಿಗೆ ಡಿಕ್ಕಿ ಹೊಡೆಯುವ ಹೆಸರುಗಳು. ಇಲ್ಲಿ ಎಡವಿದವರು ಜಾಸ್ತಿ. ನಾಯಿಗೆ ನೀವು ಹೇಳುವ ಅಪ್ಪಣೆಗಳನ್ನು ಮೊದಲು ಬರೆದುಕೊಳ್ಳಿ: ಬಾ, ಕೂರು, ಬೇಡ, ನಿಲ್ಲು, ಇಲ್ಲವೇ ಸಿಟ್, ಸ್ಟೇ, ನೋ. ಹೆಸರು ಇವಕ್ಕೆ ಹತ್ತಿರ ಇರಬಾರದು. ಬೇಲಾ ಅಂತ ಇಟ್ಟವರು "ಬೇಡಾ" ಅಂದಾಗ ಪಾಪ ಅದು ಬಾಲ ಅಲ್ಲಾಡಿಸುತ್ತಾ ಬರುತ್ತೆ. ನೋವಾ ಅಂತೂ ಎರಡು ಕಡೆ ಪೆಟ್ಟು. ನಾಯಿಗೆ ಅರ್ಧ ಹೆಸರು "ನೋ" ಅಂತ ಕೇಳಿಸುತ್ತೆ; ಮನೆಗೆ ಬಂದ ಹಿರಿಯರಿಗೆ ಪೂರ್ತಿ ಹೆಸರು "ನೋವಾ?" ಅಂತ ಕೇಳಿಸುತ್ತೆ. "ಯಾರಿಗಮ್ಮ ನೋವು?" ಅಂತಾರೆ.

ಮಗ ಒಂದು ಸಲ ಭಾರಿ ಬುದ್ಧಿವಂತಿಕೆಯಿಂದ "ಸಾಕು ನಾಯಿ ಅಲ್ವಾ, ಸಾಕು ಅಂತಲೇ ಇಡೋಣ" ಅಂದ. ಅಪರೂಪದ ಹೆಸರು, ಸುಳ್ಳಲ್ಲ. ಆದರೆ ಊಟಕ್ಕೆ ಕೂತರೆ ನಾವು ಎಷ್ಟು ಸಲ "ಸಾಕು ಸಾಕು" ಅಂತೀವಿ ಅಂತ ಲೆಕ್ಕ ಹಾಕಿ ನೋಡಿ.

ಗೆಳತಿಯೊಬ್ಬಳ ಕಥೆ ಇನ್ನೂ ಚೆಂದ. ಮಳೆಯಲ್ಲಿ ಸಿಕ್ಕಿದ ಮರಿ ಅಂತ ಅವಳು ನಾಯಿಗೆ ಮಳೆ ಅಂತಲೇ ಇಟ್ಟಳು. ಕೇಳೋಕೆ ಎಷ್ಟು ಹಿತ! ಆಮೇಲೆ ಶುರುವಾಯಿತು. ಅವಳು ಒಳಗಿನಿಂದ "ಮಳೆ ಬಂತಾ ನೋಡಿ" ಅಂದರೆ ಅತ್ತೆ ಬಟ್ಟೆ ತೆಗೆಯೋಕೆ ಮಹಡಿಗೆ ಓಡುತ್ತಿದ್ದರು. "ಮಳೆ ನಿಂತಿದೆ" ಅಂದರೆ ಬಾಗಿಲ ಹತ್ತಿರ ನಿಂತಿದೆ ಅಂತ ಅರ್ಥ. ಗಂಡ ಸ್ಕೂಟರ್ ತೆಗೆದು ಹೊರಟುಬಿಡುತ್ತಿದ್ದರು, ನೆನೆದು ವಾಪಸ್ ಬರುತ್ತಿದ್ದರು. ಆರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದಳು. ನಾನು ಹೇಳಿದೆ: ಅರ್ಥ ಇಟ್ಟುಕೋ, ಪದ ಬದಲಿಸು. ಮಳೆ ಬಿಟ್ಟು ಸೋನೆ ಮಾಡು. ಈಗ ಅವಳು ಸೋನೆ. ಎಲ್ಲರಿಗೂ ಗೊತ್ತಿರುವ ಪದ, ಆದರೆ ದಿನಾ ಯಾರ ಬಾಯಲ್ಲೂ ಬರದ ಪದ.

ಈ ಒಂದು ಉಪಾಯ ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಮೊದಲು ಹೊಳೆಯುವ ಹೆಸರು ಎಲ್ಲರಿಗೂ ಹೊಳೆದಿರುತ್ತೆ. ಅದರಿಂದ ಒಂದು ಮೆಟ್ಟಿಲು ಆಚೆ ಇಳಿಯಿರಿ. ಕಪ್ಪು ನಾಯಿಗೆ ಕರಿಯಮ್ಮ ಬೇಡ. ಮಸಿ, ಇರುಳು, ಕಾಡಿಗೆ ಇವೆ. ಸದಾ ತೂಕಡಿಸುವ ಸೋಮಾರಿಗೆ ಜೋಂಪು. ಮೈಬಣ್ಣ ಬೂದಿಯೂ ಅಲ್ಲ, ಕಂದೂ ಅಲ್ಲ ಅಂತಿದ್ದರೆ ಮಬ್ಬು. ಹಿಂದೆ ಹಿಂದೆಯೇ ಸುತ್ತುವವಳಿಗೆ ನೆರಳು. ಬೊಗಳೋದೇ ಕಡಿಮೆ, ಗಂಟಲಲ್ಲೇ ಏನೋ ಹೇಳಿಕೊಳ್ಳುವವಳಿಗೆ ಗುನುಗು, ಇಲ್ಲವೇ ಪಿಸು. ಹಕ್ಕಿಗಳ ಹೆಸರು ನೋಡಿ: ಟುವ್ವಿ, ಗೀಜಗ, ಕಾಜಾಣ. ಹೂವಿನಲ್ಲಿ ಮಲ್ಲಿಗೆ, ಸಂಪಿಗೆ ದಾಟಿ ತುಂಬೆ, ಸುರಗಿ. ಕಾಗುಣಿತದಲ್ಲೂ ಇನ್ನೂ ಬೇಕಾದಷ್ಟು ಉಳಿದಿವೆ. ಬಾಲದಲ್ಲೇ ನೆಲ ಗುಡಿಸುತ್ತಾ ಬರುತ್ತಿದ್ದ ಒಬ್ಬಳಿಗೆ ಗುಡಿಸು ಅಂತ ಇಟ್ಟಿದ್ದೆ. ಅಕ್ಷರದ ಗುಡಿಸೂ ಹೌದು, ಕಸದ ಗುಡಿಸೂ ಹೌದು. ಇಷ್ಟರಲ್ಲಿ ನಿಮಗೆ ಇಷ್ಟವಾದದ್ದನ್ನು ಹಾಗೇ ಎತ್ತಿಕೊಳ್ಳಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ನಿಮ್ಮವಳು ಜೋಂಪು ಹೌದೋ ಅಲ್ಲವೋ ನನಗೇನು ಗೊತ್ತು?

ಅದಕ್ಕೇ ನಾನು ಮೂರು ದಿನ ಹೆಸರಿಡುವುದೇ ಇಲ್ಲ. ಸುಮ್ನೆ ನೋಡುತ್ತೇನೆ. ಹೇಗೆ ಮಲಗುತ್ತೆ, ನೀರು ಕುಡಿಯುವಾಗ ಏನು ಮಾಡುತ್ತೆ, ಯಾವ ಕಿವಿ ಮಡಚುತ್ತೆ, ಕತ್ತಲಲ್ಲಿ ಏನು ಕಾಣುತ್ತೆ. ಮಿಣುಕುಗೆ ಹೆಸರು ಸಿಕ್ಕಿದ್ದು ಕತ್ತಲಲ್ಲೇ. ಇಡೀ ಮೈ ಕಪ್ಪು, ಬಾಲದ ತುದಿಯಲ್ಲಿ ಬೆರಳಗಲ ಬಿಳಿ. ಕರೆಂಟ್ ಹೋಗಿದ್ದ ಒಂದು ಸಂಜೆ ಅಂಗಳಕ್ಕೆ ಬಂದು ನೋಡಿದರೆ ನಾಯಿಯೇ ಇಲ್ಲ. ಗಾಬರಿ ಆಯಿತು. ಆಮೇಲೆ ನೆಲದಿಂದ ಒಂದಡಿ ಮೇಲೆ ಒಂದು ಬಿಳಿ ಚುಕ್ಕೆ ಆ ಕಡೆ ಈ ಕಡೆ ಆಡುತ್ತಾ ಬರೋದು ಕಾಣಿಸಿತು, ಮಿಣುಕುಹುಳದ ಹಾಗೆ. ಚುಕ್ಕೆ ಬಂದು ನನ್ನ ಕಾಲಿಗೆ ತಣ್ಣನೆ ಮೂಗು ತಾಗಿಸಿತು. ಪಟ್ಟಿ ಹುಡುಕುತ್ತಾ ಕೂತಿದ್ದರೆ ಈ ಹೆಸರು ಸಿಗುತ್ತಿತ್ತಾ?

ಬೇರೆ ಭಾಷೆಯಿಂದ, ಹಳೆಯ ಕಥೆಗಳಿಂದ ತರೋದಾದರೆ ತನ್ನಿ, ಆದರೆ ಎರಡೂ ಕಡೆಯ ಅರ್ಥ ನೋಡಿ. ಜೆನೊಫೋನನ ಪಟ್ಟಿಯಲ್ಲಿ ಖರಾ ಅಂತ ಒಂದಿದೆ. ಗ್ರೀಕಿನಲ್ಲಿ ಅದು ಸಂತೋಷ. ನಮ್ಮಲ್ಲಿ ಖರ ಅಂದರೆ ಕತ್ತೆ. ನನಗೆ ಬಹಳ ಇಷ್ಟವಾದ ಹೆಸರುಗಳು ಬಾಹ್ಯಾಕಾಶಕ್ಕೆ ಹೋದ ಹೆಣ್ಣು ನಾಯಿಗಳದು. 1957ರ ನವೆಂಬರಿನಲ್ಲಿ ಸ್ಪುಟ್ನಿಕ್ 2ರಲ್ಲಿ ಹೋಗಿ ವಾಪಸ್ ಬಾರದ ಲೈಕಾ ಎಲ್ಲರಿಗೂ ಗೊತ್ತು. 1960ರ ಆಗಸ್ಟಿನಲ್ಲಿ ಹೋಗಿ ಜೀವಂತ ಇಳಿದು ಬಂದ ಬೆಲ್ಕಾ, ಸ್ಟ್ರೆಲ್ಕಾ ಅಷ್ಟು ಜನಕ್ಕೆ ಗೊತ್ತಿಲ್ಲ. ಬೆಲ್ಕಾ ಅಂದರೆ ಅಳಿಲು, ಸ್ಟ್ರೆಲ್ಕಾ ಅಂದರೆ ಪುಟ್ಟ ಬಾಣ. ಸ್ಟ್ರೆಲ್ಕಾಳ ಮಗಳು ಪುಶಿಂಕಾಳನ್ನು 1961ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಅಧ್ಯಕ್ಷ ಕೆನಡಿಯವರ ಮನೆಗೆ ಉಡುಗೊರೆಯಾಗಿ ಕಳಿಸಿತು. ಬೆಲ್ಕಾ ನಮ್ಮ ಬಾಯಿಗೆ ಸಲೀಸು. ಸ್ಟ್ರೆಲ್ಕಾ ಇಟ್ಟರೆ ನಮ್ಮಮ್ಮನ ಬಾಯಲ್ಲಿ "ಇಸ್ಟೇಲ್ಕ" ಆಗುತ್ತೆ, ಖಂಡಿತ.

ನಮ್ಮ ಹಳೆಯ ಕಥೆಗಳಲ್ಲೂ ಒಬ್ಬಳಿದ್ದಾಳೆ, ಸರಮೆ. ಇಂದ್ರನ ನಾಯಿ. ಪಣಿಗಳು ಎಂಬ ಅಸುರರು ಬಚ್ಚಿಟ್ಟ ಹಸುಗಳನ್ನು ಹುಡುಕಿಕೊಂಡು ಒಬ್ಬಳೇ ಹೋದವಳು. ಋಗ್ವೇದದ ಹತ್ತನೇ ಮಂಡಲದಲ್ಲಿ ಒಂದು ಸೂಕ್ತವೇ ಅವಳ ಮತ್ತು ಪಣಿಗಳ ವಾದ. ಅವರು ಪುಸಲಾಯಿಸಿದರೂ ಬಗ್ಗುವುದಿಲ್ಲ. ಮಹಾಭಾರತದಲ್ಲಿ ತಪ್ಪು ಮಾಡದ ತನ್ನ ಮರಿಗೆ ಹೊಡೆದರು ಅಂತ ಜನಮೇಜಯನ ಯಾಗದ ಜಾಗಕ್ಕೇ ಹೋಗಿ ಕೇಳುತ್ತಾಳೆ, ಶಾಪವನ್ನೂ ಕೊಟ್ಟು ಬರುತ್ತಾಳೆ. ಇಂಥ ಹೆಸರು ಬಿಟ್ಟು ಎಲ್ಲರೂ ರೂಬಿ, ಡೈಸಿ ಹಿಂದೆ ಯಾಕೆ ಹೋಗುತ್ತಾರೋ! ಕಳೆದುಹೋದ ಚಪ್ಪಲಿಯನ್ನೆಲ್ಲ ಹುಡುಕಿ ತರುತ್ತಿದ್ದ ಒಬ್ಬಳಿಗೆ ಈ ಹೆಸರಿಟ್ಟಿದ್ದೆ. (ಕಳೆಯುತ್ತಿದ್ದವಳೂ ಅವಳೇ ಅಂತ ಆಮೇಲೆ ಗೊತ್ತಾಯಿತು.)

ಹೆಣ್ಣು ನಾಯಿ ಅಂದ ಮಾತ್ರಕ್ಕೆ ಹೆಸರೂ ಹೆಣ್ಣಿನ ಹೆಸರಿನ ಥರ ಇರಲೇಬೇಕಾ? ನನಗೆ ಹಾಗೆ ಅನ್ನಿಸಿಲ್ಲ. "ಬಾರೇ" ಅಂದಾಗಲೇ ಹೆಣ್ಣು ಅಂತ ಗೊತ್ತಾಗುತ್ತೆ. ವಟ್ರು, ಮಿಣುಕು, ಜೋಂಪು ಇವು ಹೆಣ್ಣೂ ಅಲ್ಲ ಗಂಡೂ ಅಲ್ಲ. ಪಕ್ಕದಲ್ಲಿ ಒಂದು "ಬಾರೇ" ಬಿದ್ದರೆ ಸಾಕು. ಮನುಷ್ಯರ ಹೆಸರು ಇಡುವ ಮುಂಚೆ ಮಾತ್ರ ಅಕ್ಕಪಕ್ಕ ಒಂದು ಸುತ್ತು ಯೋಚಿಸಿ. ನೀವು "ಅನೂ, ಹೇಸಿಗೆ ತಿನ್ನಬೇಡ್ವೇ" ಅಂತ ಕೂಗುವಾಗ ಪಕ್ಕದ ಮನೆಯ ಅನು ಬಟ್ಟೆ ಒಣಗಿಸುತ್ತಾ ನಿಂತಿರುತ್ತಾಳೆ. ಯಾರದೋ ಭಕ್ತಿಗೆ ತಾಗುವ ಹೆಸರೂ ಬೇಡ, ತಮಾಷೆಗೂ ಬೇಡ.

ಮನೆಯ ಎಲ್ಲರ ಬಾಯಿಗೂ ಹಾಕಿ ನೋಡೋದು ಮರೆಯಬೇಡಿ. ಹ, ಳ, ಶ, ಫ, ಝ ಇರುವ ಹೆಸರು ಮನೆಯಲ್ಲೇ ನಾಲ್ಕು ರೂಪ ತಾಳುತ್ತೆ. ಹೊಳಪು ಅಂತ ಒಬ್ಬಳಿದ್ದಳು. ನನಗೆ ಹೊಳಪು, ಅಮ್ಮನಿಗೆ ಒಳಪು, ಮಗನಿಗೆ ಹೊಲ್ಪು, ಕೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ವಳ್ಪಿ. ಅವಳು ಯಾರ ಮಾತಿಗೂ ತಿರುಗುತ್ತಿರಲಿಲ್ಲ. ಕಿವಿ ಮಂದವೇನೋ ಅಂತ ಡಾಕ್ಟರಿಗೂ ತೋರಿಸಿದೆವು. ಕಿವಿ ಸರಿಯಾಗೇ ಇತ್ತು. ನಾಲ್ವರೂ ಕೂತು ವಳ್ಪಿ ಅಂತಲೇ ಒಪ್ಪಿಕೊಂಡ ಮೇಲೆ ಒಂದೇ ವಾರಕ್ಕೆ ಕಲಿತಳು.

ಹೆಸರು ಆಯಿತು ಅಂದುಕೊಳ್ಳಿ. ಇನ್ನು ಕಲಿಸೋದು. ಅದು ಬೇರೆ ಕಡೆ ನೋಡುತ್ತಿರುವಾಗ ಹೆಸರು ಒಂದೇ ಸಲ ಹೇಳಿ, ಖುಷಿಯ ದನಿಯಲ್ಲಿ. ತಿರುಗಿ ನೋಡಿದ ಕ್ಷಣವೇ ಬಾಯಿಗೆ ಏನಾದರೂ ಸಣ್ಣ ತಿಂಡಿ. ದಿನಕ್ಕೆ ನಾಲ್ಕೈದು ಬಾರಿ, ಒಂದೊಂದು ಬಾರಿಗೆ ಒಂದೆರಡು ನಿಮಿಷ, ಅಷ್ಟೇ. ತಿರುಗಲಿಲ್ಲವಾ, ಹೆಸರನ್ನು ಜಪ ಮಾಡಬೇಡಿ; ಹತ್ತಿರ ಹೋಗಿ ಚಪ್ಪಾಳೆ ತಟ್ಟಿ, ನೋಡಿದಾಗ ಕೊಡಿ. ಹತ್ತು ಸಲ ಹೇಳಿದರೆ ಹತ್ತನೇ ಸಲಕ್ಕೆ ತಿರುಗೋದನ್ನೇ ಕಲಿಯುತ್ತೆ. ಬೈಯುವಾಗ ಹೆಸರು ಹಿಡಿದು ಬೈಬೇಡಿ. ನಾನಂತೂ ಬೈಯೋಕೆ ಎಲ್ಲರಿಗೂ ಸೇರಿಸಿ "ಏ ಕಳ್ಳಿ" ಅಂತ ಒಂದಿಟ್ಟುಕೊಂಡಿದ್ದೇನೆ. ಹೆಸರು ಕೇಳಿದಾಗಲೆಲ್ಲ ಒಳ್ಳೆಯದೇ ಆಗಬೇಕು.

ದೊಡ್ಡ ನಾಯಿಯನ್ನು ತಂದಿದ್ದೀರಿ, ಅದಕ್ಕೆ ಆಗಲೇ ಒಂದು ಹೆಸರಿದೆ ಅಂದರೂ ಬದಲಿಸಬಹುದು. ಮಾಸ್ಕೋ ಬೀದಿಯಿಂದ ತಂದ ಲೈಕಾಗೂ ಮೊದಲು ಕುದ್ರ್ಯಾವ್ಕಾ, ಅಂದರೆ ಗುಂಗುರು ಕೂದಲವಳು, ಅಂತ ಹೆಸರಿತ್ತು. ಹೊಸ ಹೆಸರು ಹೇಳಿ, ಅದರ ಬೆನ್ನಿಗೇ ಹಳೆಯ ಹೆಸರು ಹೇಳಿ, ತಿರುಗಿದಾಗ ತಿಂಡಿ. ಹೊಸದು ಮುಂದೆ ಇರಲಿ, ಅದು ಮುಖ್ಯ. ಕೆಲವು ದಿನದಲ್ಲಿ ಹೊಸ ಹೆಸರಿಗೇ ತಿರುಗೋಕೆ ಶುರು ಮಾಡುತ್ತೆ. ಆಗ ಹಳೆಯದನ್ನು ಬಿಡಿ. ಹಳೆಯ ಹೆಸರು ಕೇಳಿದರೆ ಮೂಲೆಗೆ ಹೋಗಿ ಮುದುಡುವ ನಾಯಿಯಾದರೆ ಈ ಜೋಡಿಸುವ ಕೆಲಸವೇ ಬೇಡ. ಆ ಹೆಸರನ್ನು ಅವತ್ತೇ ಮರೆತು ಹೊಸದರಿಂದ ಶುರು ಮಾಡಿ. ನನ್ನ ಹತ್ತಿರ ಅಂಥವಳು ಒಬ್ಬಳಿದ್ದಳು. ಅವಳ ಹಳೆಯ ಹೆಸರು ಇಲ್ಲಿ ಬರೆಯೋಕೂ ಮನಸ್ಸಿಲ್ಲ.

ಕೊರಳ ಬಿಲ್ಲೆಯಲ್ಲಿ ಹೆಸರು ಇರದಿದ್ದರೂ ನಡೆಯುತ್ತೆ, ನಿಮ್ಮ ಫೋನ್ ನಂಬರ್ ಇರಲೇಬೇಕು.

ಈಗ ಮನೆಯಲ್ಲಿ ಹದಿನೆಂಟನೆಯವಳು ಇದ್ದಾಳೆ. ಎರಡು ತಿಂಗಳ ಮರಿ. ಮೈಯೆಲ್ಲ ಬಿಳಿ, ಎಡಗಣ್ಣಿನ ಸುತ್ತ ಮಾತ್ರ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ನೀರಿನ ಬಟ್ಟಲಿಗೆ ಮೂಗು ಅದ್ದುತ್ತಾಳೆ, ಸೀನುತ್ತಾಳೆ, ಮತ್ತೆ ಅದ್ದುತ್ತಾಳೆ. ಮಗ ಈಗ ಹೈಸ್ಕೂಲು, ಆದರೂ ಹೆಸರಿನ ಚಟ ಬಿಟ್ಟಿಲ್ಲ. "ಸೀನು ಅಂತ ಇಡಮ್ಮ" ಅಂದ. ಮೂರನೇ ಮನೆಯಲ್ಲಿ ಶ್ರೀನಿವಾಸ ಅಂತ ಇದ್ದಾರೆ, ಅವರ ಹೆಂಡತಿ ಅವರನ್ನು ಕರೆಯೋದೇ ಸೀನು ಅಂತ. ಆಗಲ್ಲ ಅಂದೆ. ಮೂರನೇ ದಿನ ಅವಳು ಇನ್ನೊಮ್ಮೆ ಸೀನಿದಾಗ ಸದ್ದು ಕಿವಿಗೆ ಬಿತ್ತು. "ಅಕ್ಷೀ!" ಅಕ್ಷಿ ಅಂದರೆ ಕಣ್ಣು. ಆ ಕಣ್ಣು, ಆ ಸೀನು, ಎರಡೂ ಒಂದೇ ಹೆಸರಲ್ಲಿ ಸಿಕ್ಕಿಬಿಟ್ಟವು. ಎರಡು ಅಕ್ಷರ, ನಡುವೆ ಒಂದು ಕಡಕ್ 'ಕ್ಷ', ಯಾವ ಅಪ್ಪಣೆಗೂ ಹತ್ತಿರ ಇಲ್ಲ. ಅಮ್ಮ ಹೇಳಿ ನೋಡಿದರು. "ಅಕ್ಸಿ" ಅಂದರು. ಅಷ್ಟು ನಡೆಯುತ್ತೆ.

ಸಂಜೆ ಗೇಟಿಗೆ ಹೋಗಿ ನಿಂತೆ. ಉಸಿರೆಳೆದು ಕೂಗಿದೆ: "ಅಕ್ಷೀ... ಅಕ್ಷೀ..."

ಎದುರು ಮನೆಯ ಅಜ್ಜಿ ಕಿಟಕಿಗೆ ಬಂದರು. "ಏನಮ್ಮಾ, ನೆಗಡಿನಾ?"

ಮರಿ ಮಾತ್ರ ಓಡಿ ಬಂದು ಕಾಲಿಗೆ ಡಿಕ್ಕಿ ಹೊಡೆಯಿತು.